ಹಿಪ್ಪೆಯಲ್ಲಿ ಉಳಿದದ್ದು: ಹಣ್ಣಿನ ರಸ ಮತ್ತು ಹಸಿ ತರಕಾರಿ

(ರಾಮನವಮಿಯ ಮರುವಾರ ನಮ್ಮ ಬಡಾವಣೆಯ ವಾಚನಾಲಯದಲ್ಲಿ ಆಡಿದ ಮಾತುಗಳ ಬರಹ ರೂಪ. ಸಭಿಕರು ಕೇಳಿದ ಪ್ರಶ್ನೆಗಳಲ್ಲಿ ಕೆಲವನ್ನು ಕೊನೆಯಲ್ಲಿ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಮೊನ್ನೆ ರಾಮನವಮಿಯ ದಿನ ನಮ್ಮ ಬೀದಿಯ ಪೆಂಡಾಲಿನಲ್ಲಿ ನನ್ನ ಒಂದು ಕೈಗೆ ಪಾನಕದ ಲೋಟ ಕೊಟ್ಟರು, ಇನ್ನೊಂದು ಕೈಗೆ ಕೋಸಂಬರಿಯ ದೊನ್ನೆ. ಬಿಸಿಲು ಜೋರಾಗಿತ್ತು. ಪಾನಕ ನಾಲ್ಕು ಗುಟುಕಿಗೆ ಮುಗಿಯಿತು. ನಾಲಿಗೆಗೆ ಶುಂಠಿಯ ಖಾರ ತಿಳಿಯುವ ಮೊದಲೇ ಲೋಟ ಬರಿದಾಗಿತ್ತು. ಕೋಸಂಬರಿ ಹಾಗಲ್ಲ. ಅದನ್ನು ತಿನ್ನಲು ನೆರಳು ಹುಡುಕಿಕೊಂಡು ನಿಲ್ಲಬೇಕಾಯಿತು, ಜಗಿಯಬೇಕಾಯಿತು, ಪಕ್ಕದವರ ಜೊತೆ ಎರಡು ಮಾತಾಡುವಷ್ಟು ಹೊತ್ತು ಹಿಡಿಯಿತು. ಇವತ್ತು ನಾನು ಹೇಳಬೇಕೆಂದಿರುವುದೆಲ್ಲ ಆ ಎರಡು ತಿನಿಸುಗಳು ತೆಗೆದುಕೊಂಡ ಸಮಯದ ವ್ಯತ್ಯಾಸದಲ್ಲಿಯೇ ಅಡಗಿದೆ.

ಆಹಾರ ವಿಜ್ಞಾನವನ್ನು ಬಹಳ ವರ್ಷ ಪಾಠ ಮಾಡಿದವಳು ನಾನು. ಮದುವೆ ಮನೆಯಲ್ಲಿ, ಬಸ್ಸಿನಲ್ಲಿ, ಆಸ್ಪತ್ರೆಯ ಸಾಲಿನಲ್ಲಿ ಜನ ನನ್ನನ್ನು ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ: "ಮೇಡಂ, ಬೆಳಿಗ್ಗೆ ಹಣ್ಣಿನ ರಸ ಕುಡಿಯುವುದು ಒಳ್ಳೆಯದೋ, ಹಸಿ ತರಕಾರಿ ತಿನ್ನುವುದು ಒಳ್ಳೆಯದೋ?" ಕೇಳುವವರು ನನ್ನಿಂದ ವಿಟಮಿನ್‌ಗಳ ಲೆಕ್ಕವನ್ನು ನಿರೀಕ್ಷಿಸುತ್ತಾರೆ. ಅದನ್ನೇ ಮೊದಲು ಕೊಡುತ್ತೇನೆ, ಏಕೆಂದರೆ ಆ ಲೆಕ್ಕ ಹಣ್ಣಿನ ರಸದ ಪರವಾಗಿಯೇ ಕಾಣುತ್ತದೆ.

100 ಗ್ರಾಂ ಕಿತ್ತಳೆ ಹಣ್ಣಿನಲ್ಲಿ ಸುಮಾರು 53 ಮಿಲಿಗ್ರಾಂ ಸಿ ವಿಟಮಿನ್ ಇದೆ. ಅದೇ ತೂಕದ ತಾಜಾ ಕಿತ್ತಳೆ ರಸದಲ್ಲಿ ಸುಮಾರು 50. ಕ್ಯಾಲೊರಿಯೂ ಹತ್ತಿರಹತ್ತಿರ: ಹಣ್ಣಿನಲ್ಲಿ 47, ರಸದಲ್ಲಿ 45. ಪೊಟ್ಯಾಸಿಯಂ ಇದೆ, ಫೋಲೇಟ್ ಎಂಬ ಬಿ ವಿಟಮಿನ್ ಇದೆ. ಇದೇ ಪಟ್ಟಿಯಲ್ಲಿ ಸೌತೆಕಾಯಿಯನ್ನು ಹುಡುಕಿದರೆ ನಿರಾಸೆಯಾಗುತ್ತದೆ. ಅದರಲ್ಲಿ ನೂರಕ್ಕೆ 95 ಪಾಲು ನೀರು, 15 ಕ್ಯಾಲೊರಿ, ಸಿ ವಿಟಮಿನ್ ಲೆಕ್ಕಕ್ಕೆ ಬಾರದಷ್ಟು. ಹಾಗಾದರೆ ರಸವೇ ಗೆದ್ದಿತಲ್ಲ ಎಂದು ಯಾರಿಗಾದರೂ ಅನ್ನಿಸಬೇಕು.

ಆದರೆ ಅದೇ ಪಟ್ಟಿಯಲ್ಲಿ ಇನ್ನೊಂದು ಸಾಲಿದೆ. ಕಿತ್ತಳೆ ಹಣ್ಣಿನಲ್ಲಿ ನಾರು ಸುಮಾರು 2.4 ಗ್ರಾಂ. ರಸದಲ್ಲಿ 0.2 ಗ್ರಾಂ. ಸೇಬಿನ ಕಥೆಯೂ ಇದೇ. ಹಾಗಾದರೆ ಹಣ್ಣಿನ ನಾರು ಎಲ್ಲಿ ಹೋಯಿತು? ಜಾಲರಿಯ ಮೇಲೆ ಉಳಿಯಿತು. ಹಿಪ್ಪೆಯಾಯಿತು. ನಾವು ಅದನ್ನು ಕಸದ ಬುಟ್ಟಿಗೆ ಹಾಕಿದೆವು.

ಹಿಪ್ಪೆ ಎಂದರೆ ಸತ್ತ್ವವೆಲ್ಲ ಹೋದ ಮೇಲೆ ಉಳಿದದ್ದು ಎಂಬ ಭಾವನೆ ನಮ್ಮ ಭಾಷೆಯಲ್ಲಿಯೇ ಇದೆ. ಬಹಳ ದುಡಿಸಿಕೊಂಡರೆ "ಹಿಂಡಿ ಹಿಪ್ಪೆ ಮಾಡಿದರು" ಎನ್ನುತ್ತೇವೆ. ಕಬ್ಬಿನ ವಿಷಯದಲ್ಲಿ ಆ ಮಾತು ನಿಜ, ಕಬ್ಬಿನ ಹಿಪ್ಪೆಯನ್ನು ಮನುಷ್ಯರು ತಿನ್ನಲಾಗದು. ಕಿತ್ತಳೆ, ಸೇಬು, ಕ್ಯಾರೆಟ್ಟುಗಳ ವಿಷಯದಲ್ಲಿ ಆ ಮಾತು ನಮ್ಮನ್ನು ದಾರಿ ತಪ್ಪಿಸಿದೆ. ಅಲ್ಲಿ ಹಿಪ್ಪೆಯೂ ಆಹಾರ. ಹಣ್ಣಿನ ಸಕ್ಕರೆ ಸಣ್ಣಸಣ್ಣ ಕೋಶಗಳೊಳಗೆ, ನಾರಿನ ಗೋಡೆಗಳ ಒಳಗೆ ಕುಳಿತಿರುತ್ತದೆ. ಹಲ್ಲು ಆ ಗೋಡೆಗಳನ್ನು ಒಂದಿಷ್ಟು ಒಡೆಯುತ್ತದೆ, ಉಳಿದದ್ದನ್ನು ಹೊಟ್ಟೆ ನಿಧಾನವಾಗಿ ಬಿಡಿಸಿಕೊಳ್ಳುತ್ತದೆ. ಕೊನೆಗೂ ಜೀರ್ಣವಾಗದ ನಾರು ದೊಡ್ಡಕರುಳಿಗೆ ಹೋಗಿ ಅಲ್ಲಿರುವ ಸೂಕ್ಷ್ಮಜೀವಿಗಳಿಗೆ ಊಟವಾಗುತ್ತದೆ. ಹಿಂಡುವ ಯಂತ್ರ ಈ ಎಲ್ಲ ಕೆಲಸವನ್ನು ಅರ್ಧ ನಿಮಿಷದಲ್ಲಿ ಮುಗಿಸಿ, ಗೋಡೆಗಳನ್ನು ಆಚೆ ಹಾಕಿ, ಸಕ್ಕರೆಯನ್ನು ಮಾತ್ರ ನಮ್ಮ ಲೋಟಕ್ಕೆ ಸುರಿಯುತ್ತದೆ.

ಇದರಿಂದ ಏನಾಗುತ್ತದೆ ಎಂದು ಅಳೆದು ನೋಡಿದವರಿದ್ದಾರೆ. 1977ರಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್‌ನ ವೈದ್ಯರು ಹತ್ತು ಮಂದಿ ಆರೋಗ್ಯವಂತರಿಗೆ ಸೇಬನ್ನು ಮೂರು ರೂಪದಲ್ಲಿ ಕೊಟ್ಟರು: ಇಡೀ ಹಣ್ಣು, ಅರೆದ ಹಣ್ಣು, ಸೋಸಿದ ರಸ. ಮೂರರಲ್ಲಿಯೂ ದೇಹಕ್ಕೆ ದಕ್ಕುವ ಪಿಷ್ಟ-ಸಕ್ಕರೆ 60 ಗ್ರಾಂ ಇರುವಂತೆ ನೋಡಿಕೊಂಡರು. ಈ ಪ್ರಯೋಗ ನನಗೆ ಬಹಳ ಇಷ್ಟ, ಪಾಠದಲ್ಲಿ ಪ್ರತಿ ವರ್ಷ ಹೇಳುತ್ತಿದ್ದೆ. ಹಣ್ಣು ತಿನ್ನಲು ಹಿಡಿದ ಸಮಯಕ್ಕಿಂತ ಹನ್ನೊಂದು ಪಟ್ಟು ಬೇಗ ರಸ ಕುಡಿದು ಮುಗಿಯಿತು. ಹೊಟ್ಟೆ ತುಂಬಿದ ಭಾವನೆ ಇಡೀ ಹಣ್ಣಿಗೆ ಹೆಚ್ಚು, ಅರೆದದ್ದಕ್ಕೆ ಅದಕ್ಕಿಂತ ಕಡಿಮೆ, ರಸಕ್ಕೆ ತೀರ ಕಡಿಮೆ. ರಕ್ತದ ಸಕ್ಕರೆ ಮೂರರಲ್ಲಿಯೂ ಒಂದೇ ಮಟ್ಟಕ್ಕೆ ಏರಿತು. ವ್ಯತ್ಯಾಸ ಕಂಡದ್ದು ಆಮೇಲೆ. ರಸ ಕುಡಿದವರಲ್ಲಿ ರಕ್ತದ ಸಕ್ಕರೆಯನ್ನು ಇಳಿಸುವ ಇನ್ಸುಲಿನ್ ಹೆಚ್ಚು ಸುರಿದು, ಸಕ್ಕರೆ ಇದ್ದ ಮಟ್ಟಕ್ಕಿಂತಲೂ ಕೆಳಗೆ ಕುಸಿಯಿತು. ಹಣ್ಣು ತಿಂದವರಲ್ಲಿ ಆ ಕುಸಿತ ಇರಲಿಲ್ಲ.

ಬೆಳಿಗ್ಗೆ ಎಂಟಕ್ಕೆ ದೊಡ್ಡ ಲೋಟದಲ್ಲಿ ರಸ ಕುಡಿದು ಹತ್ತು ಗಂಟೆಗೆ ಬಿಸ್ಕತ್ತಿನ ಡಬ್ಬಿ ತೆರೆಯುವವರು ತಮ್ಮ ನಾಲಿಗೆಯ ಚಪಲವನ್ನು ಬೈದುಕೊಳ್ಳುತ್ತಾರೆ. ಹಸಿವು ಬೇಗ ಮರಳುವುದಕ್ಕೆ ಆ ಲೋಟವೂ ಕಾರಣವಾಗಿರಬಹುದು.

ಇದಕ್ಕೆ ಇನ್ನೊಂದು ಸಾಕ್ಷಿ ವೈದ್ಯರ ಬಳಿಯಲ್ಲಿಯೇ ಇದೆ. ಇನ್ಸುಲಿನ್ ತೆಗೆದುಕೊಳ್ಳುವವರಿಗೆ ಒಮ್ಮೊಮ್ಮೆ ರಕ್ತದ ಸಕ್ಕರೆ 70ಕ್ಕಿಂತ ಕೆಳಗಿಳಿದು ಮೈ ಬೆವರಿ, ಕೈ ನಡುಗುತ್ತದೆ. ಆಗ ತಕ್ಷಣ 15 ಗ್ರಾಂ ಸಕ್ಕರೆ ಒಳಗೆ ಹೋಗಬೇಕು, ಹದಿನೈದು ನಿಮಿಷ ಬಿಟ್ಟು ಮತ್ತೆ ಪರೀಕ್ಷಿಸಬೇಕು ಎನ್ನುತ್ತಾರೆ. ಅದಕ್ಕಾಗಿ ಹೇಳುವ ವಸ್ತುಗಳಲ್ಲಿ ಒಂದು ಅರ್ಧ ಲೋಟ ಹಣ್ಣಿನ ರಸ. ಇಡೀ ಸೇಬನ್ನು ಕೊಡಿ ಎಂದು ಹೇಳುವುದಿಲ್ಲ, ಅದು ತಡವಾಗುತ್ತದೆ. ಅಪಾಯದಲ್ಲಿ ಔಷಧದಂತೆ ಕೆಲಸ ಮಾಡುವಷ್ಟು ವೇಗ ಇರುವ ವಸ್ತುವನ್ನು ನಾವು ದಿನಾ ಬೆಳಿಗ್ಗೆ, ಯಾವ ಅಪಾಯವೂ ಇಲ್ಲದಾಗ, ಆರೋಗ್ಯಕ್ಕೆಂದು ಕುಡಿಯುತ್ತಿದ್ದೇವೆ.

ನನ್ನ ಮನೆಯ ಮಾತನ್ನೂ ಹೇಳಬೇಕು. ನಮ್ಮ ಅತ್ತೆಯವರಿಗೆ ಮಧುಮೇಹವಿತ್ತು. ಮಾತ್ರೆ ತಪ್ಪಿಸುತ್ತಿರಲಿಲ್ಲ, ಕಾಫಿಗೆ ಸಕ್ಕರೆ ಬಿಟ್ಟಿದ್ದರು, ಹಬ್ಬದಲ್ಲಿಯೂ ಹೋಳಿಗೆ ಮುಟ್ಟುತ್ತಿರಲಿಲ್ಲ. ಆದರೂ ಊಟದ ನಂತರದ ಸಕ್ಕರೆ ಇಳಿಯುತ್ತಿರಲಿಲ್ಲ. ವೈದ್ಯರು ಒಂದು ದಿನ ಬೆಳಿಗ್ಗೆಯಿಂದ ರಾತ್ರಿಯವರೆಗೆ ಏನೇನು ಬಾಯಿಗೆ ಹೋಗುತ್ತದೆ ಹೇಳಿ ಎಂದರು. ಅತ್ತೆ ಹೇಳುತ್ತ ಹೋದರು. ನಡುವೆ ಎರಡು ಹೊತ್ತು ಮೂಸಂಬಿ ರಸ ಬಂತು. "ಸಕ್ಕರೆ ಹಾಕುವುದಿಲ್ಲ ಡಾಕ್ಟರೇ, ಸೊಸೆ ಹಿಂಡಿಕೊಡುತ್ತಾಳೆ." ವೈದ್ಯರು ಕೇಳಿದರು: "ಒಂದು ಲೋಟಕ್ಕೆ ಎಷ್ಟು ಹಣ್ಣಮ್ಮಾ?" "ನಾಲ್ಕು." "ನಾಲ್ಕು ಮೂಸಂಬಿಯನ್ನು ಬಿಡಿಸಿಕೊಟ್ಟರೆ ಒಂದೇ ಸಲಕ್ಕೆ ತಿನ್ನುತ್ತೀರಾ?" ಅತ್ತೆ ತಲೆಯಾಡಿಸಿದರು. "ಒಂದಕ್ಕೇ ಸಾಕಾಗುತ್ತದೆ." ಹಿಂಡಿಕೊಡುತ್ತಿದ್ದ ಸೊಸೆ ನಾನೇ. ತರಗತಿಯಲ್ಲಿ ಬ್ರಿಸ್ಟಲ್ ಪ್ರಯೋಗ ಪಾಠ ಮಾಡಿ ಸಂಜೆ ಮನೆಗೆ ಬಂದು ಪ್ರೀತಿಯಿಂದ ಮೂಸಂಬಿ ಹಿಂಡುತ್ತಿದ್ದವಳು. ಹಾಸಿಗೆ ಹಿಡಿದವರಿಗೆ, ವಯಸ್ಸಾದವರಿಗೆ ಹಣ್ಣಿನ ರಸ ಕೊಡುವುದು ನಮ್ಮ ಕಡೆ ಉಪಚಾರದ ಭಾಷೆ. ಅದನ್ನು ಪ್ರಶ್ನಿಸುವುದು ಪ್ರೀತಿಯನ್ನೇ ಪ್ರಶ್ನಿಸಿದಂತೆ ಅನ್ನಿಸುತ್ತದೆ. ಅದಕ್ಕೇ ಗೊತ್ತಿದ್ದದ್ದು ಕೈಗೆ ಇಳಿಯಲಿಲ್ಲ.

ಆ ದಿನದಿಂದ ಲೋಟ ಹೋಗಿ ತಟ್ಟೆ ಬಂತು. ದಿನಕ್ಕೆ ಒಂದು ಮೂಸಂಬಿ, ತೊಳೆ ಬಿಡಿಸಿ. ಊಟಕ್ಕೆ ಮೊದಲು ಒಂದು ಬಟ್ಟಲು ಕೋಸಂಬರಿ. ಕೆಲವು ತಿಂಗಳಲ್ಲಿ ಸಕ್ಕರೆ ಇಳಿಯಿತು. ನಡುವೆ ಮಾತ್ರೆಯೂ ಬದಲಾಗಿತ್ತು, ಹಾಗಾಗಿ ಎಲ್ಲ ಶ್ರೇಯಸ್ಸನ್ನು ಸೌತೆಕಾಯಿಗೆ ಕೊಡುವುದಿಲ್ಲ. ಆದರೆ ಅನ್ನ, ರೊಟ್ಟಿಗಿಂತ ಮೊದಲು ತರಕಾರಿ ತಿಂದರೆ ಊಟದ ನಂತರ ಸಕ್ಕರೆ ಕಡಿಮೆ ಏರುತ್ತದೆ ಎಂಬುದು ಮಧುಮೇಹಿಗಳ ಮೇಲೆ ನಡೆದ ಅಧ್ಯಯನಗಳಲ್ಲಿ ಕಂಡಿದೆ. ನಮ್ಮ ಬಾಳೆಎಲೆಯಲ್ಲಿ ಅನ್ನಕ್ಕಿಂತ ಮೊದಲು ಕೋಸಂಬರಿ ಬೀಳುತ್ತದೆ. ಆ ಕ್ರಮವನ್ನು ಮನೆಯ ದಿನದ ಊಟದಲ್ಲಿಯೂ ಉಳಿಸಿಕೊಳ್ಳಬಹುದು.

ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಸಕ್ಕರೆಯ ಬಗ್ಗೆ ಮಾರ್ಗಸೂಚಿ ಹೊರಡಿಸಿತು. ಅದರಲ್ಲಿ "ಬಿಡುಗಡೆಯಾದ ಸಕ್ಕರೆ" ಎಂಬ ಒಂದು ವರ್ಗವಿದೆ: ನಾವು ಸೇರಿಸುವ ಸಕ್ಕರೆ, ಜೇನುತುಪ್ಪ, ಪಾಕ, ಇವುಗಳ ಜೊತೆಗೆ ಹಣ್ಣಿನ ರಸದಲ್ಲಿರುವ ಸಹಜ ಸಕ್ಕರೆ. ಇಡೀ ಹಣ್ಣಿನಲ್ಲಿರುವ ಸಕ್ಕರೆ ಈ ವರ್ಗದಲ್ಲಿಲ್ಲ. ಅದೇ ಕಿತ್ತಳೆ, ಅದೇ ಸಕ್ಕರೆ. ಹಿಂಡಿದ ಕ್ಷಣ ಅದರ ಲೆಕ್ಕ ಬೇರೆ ಪುಟಕ್ಕೆ ಹೋಗುತ್ತದೆ. ಈ ಬಿಡುಗಡೆಯಾದ ಸಕ್ಕರೆ ದಿನದ ಒಟ್ಟು ಕ್ಯಾಲೊರಿಯ ಶೇಕಡ 10ಕ್ಕಿಂತ ಕಡಿಮೆ ಇರಬೇಕು, ಶೇಕಡ 5ಕ್ಕಿಂತ ಕಡಿಮೆ ಆದರೆ ಇನ್ನೂ ಒಳ್ಳೆಯದು ಎನ್ನುತ್ತದೆ ಆ ಮಾರ್ಗಸೂಚಿ. ಶೇಕಡ 5 ಎಂದರೆ ಸುಮಾರು 25 ಗ್ರಾಂ, ಆರು ಟೀ ಚಮಚ. 200 ಮಿಲಿಲೀಟರ್ ಕಿತ್ತಳೆ ರಸದಲ್ಲಿ ಸುಮಾರು 17 ಗ್ರಾಂ ಇರುತ್ತದೆ. ಅಷ್ಟೇ ದ್ರಾಕ್ಷಿ ರಸದಲ್ಲಿ ಸುಮಾರು 28 ಗ್ರಾಂ. ರಸದ ಅಂಗಡಿಯವರು ರುಚಿಗೆಂದು ಹಾಕುವ ಎರಡು ಚಮಚ ಇದರಲ್ಲಿ ಸೇರಿಲ್ಲ.

ಅಮೆರಿಕದಲ್ಲಿ ಆರೋಗ್ಯ ವೃತ್ತಿಯಲ್ಲಿದ್ದ ಸುಮಾರು 1,87,000 ಜನರ ಆಹಾರವನ್ನು ವರ್ಷಾನುಗಟ್ಟಲೆ ಗಮನಿಸಿದ ಹಾರ್ವರ್ಡ್ ಸಂಶೋಧಕರ ಅಧ್ಯಯನ 2013ರಲ್ಲಿ ಪ್ರಕಟವಾಯಿತು. ಸೇಬು, ದ್ರಾಕ್ಷಿಯಂಥ ಹಣ್ಣುಗಳನ್ನು ಇಡಿಯಾಗಿ ಹೆಚ್ಚು ತಿನ್ನುವವರಲ್ಲಿ ಮಧುಮೇಹ ಕಡಿಮೆ ಕಂಡಿತು, ರಸ ಹೆಚ್ಚು ಕುಡಿಯುವವರಲ್ಲಿ ಹೆಚ್ಚು. ಇಂಥ ಅಧ್ಯಯನ ಸಂಬಂಧವನ್ನು ತೋರಿಸುತ್ತದೆ, ಕಾರಣವನ್ನು ಸಾಬೀತುಪಡಿಸುವುದಿಲ್ಲ. ಆದರೆ ಭಾರತದಲ್ಲಿ 10 ಕೋಟಿಗೂ ಹೆಚ್ಚು ಮಧುಮೇಹಿಗಳಿದ್ದಾರೆ, 13 ಕೋಟಿಗೂ ಹೆಚ್ಚು ಜನ ಅದರ ಹೊಸ್ತಿಲಲ್ಲಿದ್ದಾರೆ ಎಂದು 2023ರಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, ಅಂದರೆ ಐಸಿಎಂಆರ್‌ನ ಸಮೀಕ್ಷೆ ಅಂದಾಜು ಮಾಡಿತು. ಈ ಸಭಾಂಗಣದಲ್ಲಿಯೇ ಕೈ ಎತ್ತಿ ಎಂದರೆ ಎಷ್ಟು ಕೈ ಏಳಬಹುದೋ.

ಡಬ್ಬಿಯ ರಸದ ವಿಚಾರಕ್ಕೆ ಹೆಚ್ಚು ಹೊತ್ತು ಕೊಡುವುದಿಲ್ಲ. 2024ರ ಜೂನ್‌ನಲ್ಲಿ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರವು, ಸಾಂದ್ರೀಕರಿಸಿದ ರಸಕ್ಕೆ ಮತ್ತೆ ನೀರು ಬೆರೆಸಿ ಮಾಡಿದ ಪಾನೀಯದ ಮೇಲೆ "ನೂರಕ್ಕೆ ನೂರು ಹಣ್ಣಿನ ರಸ" ಎಂದು ಮುದ್ರಿಸಕೂಡದು ಎಂದು ಕಂಪನಿಗಳಿಗೆ ಸೂಚಿಸಿತು. ಡಬ್ಬಿಯ ಹಿಂದಿನ ಸಣ್ಣಕ್ಷರವನ್ನು ಓದಿ, ಸಾಕು. ಮಕ್ಕಳ ವಿಷಯ ಮಾತ್ರ ಸ್ಪಷ್ಟವಾಗಿ ಹೇಳುತ್ತೇನೆ: ಭಾರತೀಯ ಮಕ್ಕಳ ತಜ್ಞರ ಸಂಘದ ಮಾರ್ಗಸೂಚಿಯ ಪ್ರಕಾರ ಎರಡು ವರ್ಷದೊಳಗಿನ ಮಗುವಿಗೆ ಹಣ್ಣಿನ ರಸ ಬೇಡ. ಎರಡರಿಂದ ಐದು ವರ್ಷದವರಿಗೆ ದಿನಕ್ಕೆ 125 ಮಿಲಿಲೀಟರ್ ಮೀರಬಾರದು, ಅದಕ್ಕಿಂತ ದೊಡ್ಡ ಮಕ್ಕಳಿಗೆ 250. ಇದು ಗರಿಷ್ಠ ಮಿತಿ, ಇಷ್ಟು ಕೊಡಲೇಬೇಕೆಂದಲ್ಲ. ಊಟದ ಡಬ್ಬಿಯ ಜೊತೆ ಸ್ಟ್ರಾ ಇರುವ ಪೊಟ್ಟಣವನ್ನು ಇಡುವ ತಾಯಂದಿರು ಅದರ ಬದಲು ನಾಲ್ಕು ತುಂಡು ಸೀಬೆಹಣ್ಣು ಇಡಬಹುದು. ಸೀಬೆಯಲ್ಲಿ ಕಿತ್ತಳೆಗಿಂತ ಬಹಳ ಹೆಚ್ಚು ಸಿ ವಿಟಮಿನ್ ಇದೆ.

ಈಗ ತರಕಾರಿಯ ಕಡೆಗೆ ಬರೋಣ. ಸೌತೆಕಾಯಿ ಮೊದಲ ಸುತ್ತಿನಲ್ಲಿ ಸೋತಿತಲ್ಲ, ಅದರ ನೆಂಟರನ್ನು ಕರೆಯೋಣ. ಹಸಿ ಎಲೆಕೋಸಿನಲ್ಲಿ 100 ಗ್ರಾಂಗೆ ಸುಮಾರು 36 ಮಿಲಿಗ್ರಾಂ ಸಿ ವಿಟಮಿನ್. ಹಸಿರು ದೊಣ್ಣೆಮೆಣಸಿನಕಾಯಿಯಲ್ಲಿ 80. ಕೆಂಪಾಗಿ ಮಾಗಿದ ದೊಣ್ಣೆಮೆಣಸಿನಕಾಯಿಯಲ್ಲಿ 120ಕ್ಕೂ ಹೆಚ್ಚು, ಅಂದರೆ ಕಿತ್ತಳೆಯ ಎರಡು ಪಟ್ಟಿಗಿಂತ ಮೇಲೆ, ಸಕ್ಕರೆಯ ಪ್ರಮಾಣ ಅದರ ಅರ್ಧಕ್ಕಿಂತ ಕಡಿಮೆ.

ಇದಕ್ಕೊಂದು ಚರಿತ್ರೆಯೂ ಇದೆ. 1747ರಲ್ಲಿ ಬ್ರಿಟಿಷ್ ನೌಕಾಪಡೆಯ ವೈದ್ಯ ಜೇಮ್ಸ್ ಲಿಂಡ್, ಸಿ ವಿಟಮಿನ್ ಕೊರತೆಯಿಂದ ಬರುವ ಸ್ಕರ್ವಿ ರೋಗದಿಂದ ನರಳುತ್ತಿದ್ದ ಹನ್ನೆರಡು ನಾವಿಕರನ್ನು ಜೋಡಿಜೋಡಿಯಾಗಿ ವಿಂಗಡಿಸಿ ಒಂದೊಂದು ಜೋಡಿಗೆ ಒಂದೊಂದು ಮದ್ದು ಕೊಟ್ಟ. ದಿನಕ್ಕೆ ಎರಡು ಕಿತ್ತಳೆ, ಒಂದು ನಿಂಬೆ ತಿಂದ ಜೋಡಿ ಬೇಗ ಎದ್ದು ನಿಂತಿತು. ಮುಂದೆ ಇದೇ ಲಿಂಡ್ ಹಡಗಿನಲ್ಲಿ ಕೆಡದಂತೆ ಇಡಲು ರಸವನ್ನು ಕಾಯಿಸಿ ಗಟ್ಟಿ ಪಾಕ ಮಾಡಿಡಿ ಎಂದು ಸಲಹೆ ಕೊಟ್ಟ. ಕಾಯಿಸಿದಾಗ ಗುಣವೇ ಹೋಗಿಬಿಡುತ್ತದೆಂದು ಅವನಿಗೆ ತಿಳಿಯಲು ಸಾಧ್ಯವಿರಲಿಲ್ಲ. ಆ ಗುಣ ಏನೆಂದು ತಿಳಿದದ್ದು ಸುಮಾರು ಇನ್ನೂರು ವರ್ಷಗಳ ನಂತರ, ಹಂಗೆರಿಯ ಆಲ್ಬರ್ಟ್ ಸೆಂಟ್ ಜ್ಯಾರ್ಜಿ ಮತ್ತು ಇತರರ ಕೆಲಸದಿಂದ. ಸಿ ವಿಟಮಿನ್ನನ್ನು ಹೇರಳವಾಗಿ ಬೇರ್ಪಡಿಸಲು ಅವರಿಗೆ ಒದಗಿದ್ದು ಕಿತ್ತಳೆಯಲ್ಲ, ಸೆಗೆಡ್ ಎಂಬ ಊರಿನ ಸುತ್ತ ಬೆಳೆಯುವ ಮೆಣಸಿನಕಾಯಿ. 1937ರಲ್ಲಿ ಅವರಿಗೆ ನೊಬೆಲ್ ಪ್ರಶಸ್ತಿ ಬಂತು. ಸಿ ವಿಟಮಿನ್ ಎಂದೊಡನೆ ಇಂದಿಗೂ ನಮ್ಮ ಕಣ್ಣಮುಂದೆ ಕಿತ್ತಳೆಯ ಲೋಟವೇ ಬರುತ್ತದೆ.

ಹಸಿ ತರಕಾರಿ ತಿನ್ನುವುದನ್ನು ಸಲಾಡ್ ಎಂದು ಕರೆದು ಹೊಸ ವಿದ್ಯೆಯಂತೆ ಕಲಿಯುತ್ತಿದ್ದೇವೆ. ಉತ್ತರ ಕರ್ನಾಟಕದ ಯಾವ ಖಾನಾವಳಿಗಾದರೂ ಹೋಗಿ ನೋಡಿ. ಜೋಳದ ರೊಟ್ಟಿಯ ಪಕ್ಕದಲ್ಲಿ ಹಸಿ ಮೆಂತ್ಯ ಸೊಪ್ಪು, ಮೂಲಂಗಿ, ಸೌತೆಕಾಯಿ, ಗಜ್ಜರಿ, ಎಳೆಯ ಈರುಳ್ಳಿ ತಪ್ಪಲು ಸಮೇತ; ಸಿಕ್ಕರೆ ಹಕ್ಕರಿಕೆ ಸೊಪ್ಪು. ಮೇಲೆ ಶೇಂಗಾ ಚಟ್ನಿ ಅಥವಾ ಗುರೆಳ್ಳು ಚಟ್ನಿ, ಅದಕ್ಕೆ ಎಣ್ಣೆ, ಪಕ್ಕದಲ್ಲಿ ಗಟ್ಟಿ ಮೊಸರು. ಈ ತಟ್ಟೆಯನ್ನು ಕಟ್ಟಿದವರು ಯಾವ ಪಟ್ಟಿಯನ್ನೂ ಓದಿದವರಲ್ಲ. ಆದರೆ ಇದರಲ್ಲಿ ಒಂದೊಂದು ವಸ್ತುವೂ ಇನ್ನೊಂದಕ್ಕೆ ಕೆಲಸ ಮಾಡುತ್ತದೆ.

ಎಣ್ಣೆಯನ್ನೇ ತೆಗೆದುಕೊಳ್ಳಿ. ಕ್ಯಾರೆಟ್, ಸೊಪ್ಪುಗಳಲ್ಲಿರುವ ಬೀಟಾ ಕ್ಯಾರೊಟಿನ್ ದೇಹಕ್ಕೆ ಸೇರಿ ಎ ವಿಟಮಿನ್ ಆಗಬೇಕಾದರೆ ಜಿಡ್ಡು ಬೇಕು. ಅಮೆರಿಕದ ಅಯೋವಾದಲ್ಲಿ 2004ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ, ಜಿಡ್ಡಿಲ್ಲದ ಮಸಾಲೆ ಬೆರೆಸಿ ಹಸಿ ತರಕಾರಿ ತಿಂದವರ ರಕ್ತದಲ್ಲಿ ಕ್ಯಾರೊಟಿನ್ ಏರಿದ್ದು ಕಾಣಲೇ ಇಲ್ಲ ಎನ್ನಬಹುದು. ಜಿಡ್ಡು ಬೆರೆಸಿ ತಿಂದವರಲ್ಲಿ ಚೆನ್ನಾಗಿ ಏರಿತು. ತೂಕ ಇಳಿಸಲೆಂದು ಬರೀ ಕ್ಯಾರೆಟ್ ಕಡಿಯುವವರು ಇದನ್ನು ಗಮನಿಸಬೇಕು. ಶೇಂಗಾ ಚಟ್ನಿ, ಕೋಸಂಬರಿಯ ತೆಂಗಿನತುರಿ, ಒಗ್ಗರಣೆ, ಇವೆಲ್ಲ ಈ ಕೆಲಸಕ್ಕೆ ಬರುತ್ತವೆ. ಹಾಗೆಯೇ ಈರುಳ್ಳಿ. ನಮ್ಮ ಮೈಸೂರಿನ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆಯಾದ ಸಿಎಫ್‌ಟಿಆರ್‌ಐ ಸಂಶೋಧಕರು 2010ರಲ್ಲಿ ಪ್ರಕಟಿಸಿದ ಒಂದು ಪ್ರಯೋಗದಲ್ಲಿ, ಧಾನ್ಯ ಮತ್ತು ಬೇಳೆಗಳ ಜೊತೆ ಈರುಳ್ಳಿ ಅಥವಾ ಬೆಳ್ಳುಳ್ಳಿ ಇದ್ದರೆ ಅವುಗಳಲ್ಲಿರುವ ಕಬ್ಬಿಣ ಮತ್ತು ಸತುವು ಹೀರಿಕೆಗೆ ಹೆಚ್ಚು ಒದಗುತ್ತವೆ ಎಂದು ಕಂಡುಬಂತು. ಅದು ಪ್ರಯೋಗಾಲಯದ ಗಾಜಿನ ಪಾತ್ರೆಯಲ್ಲಿ ಜೀರ್ಣಕ್ರಿಯೆಯನ್ನು ಅನುಕರಿಸಿ ಮಾಡಿದ್ದು, ಮನುಷ್ಯರ ಮೇಲಲ್ಲ. ಆದರೂ ಓದಿದಾಗ ನನಗೆ ನೆನಪಾದದ್ದು ಹೊಲದ ಬದುವಿನ ಮೇಲೆ ಕುಳಿತು ರೊಟ್ಟಿಗೆ ಈರುಳ್ಳಿಯನ್ನು ಮುಷ್ಟಿಯಿಂದ ಗುದ್ದಿ ಒಡೆದುಕೊಳ್ಳುತ್ತಿದ್ದ ನನ್ನ ಸೋದರಮಾವ.

ಕಬ್ಬಿಣದ ಮಾತು ಬಂದದ್ದರಿಂದ ನಿಂಬೆಹಣ್ಣನ್ನು ಬಿಡಲಾಗದು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತಿನಲ್ಲಿ, 15ರಿಂದ 49 ವರ್ಷದ ಭಾರತೀಯ ಹೆಂಗಸರಲ್ಲಿ ಶೇಕಡ 57 ಮಂದಿಗೆ ರಕ್ತಹೀನತೆ ಇತ್ತು. ಬೇಳೆ, ಸೊಪ್ಪು, ರಾಗಿಯಲ್ಲಿರುವ ಕಬ್ಬಿಣ ಸುಲಭವಾಗಿ ದಕ್ಕುವಂಥದ್ದಲ್ಲ. ಅದೇ ಊಟದಲ್ಲಿ ಸಿ ವಿಟಮಿನ್ ಇದ್ದರೆ ಹೆಚ್ಚು ದಕ್ಕುತ್ತದೆ. ಹಿಂಡಿದ ರಸಕ್ಕೆ ಇಲ್ಲಿ ನಿಜವಾದ ಗೌರವದ ಸ್ಥಾನವಿದೆ ನೋಡಿ. ಕೋಸಂಬರಿಯ ಮೇಲೆ, ಸೊಪ್ಪಿನ ಪಲ್ಯದ ಮೇಲೆ ಅರ್ಧ ನಿಂಬೆಹಣ್ಣು. ಲೋಟದ ಲೆಕ್ಕದಲ್ಲಲ್ಲ, ಚಮಚದ ಲೆಕ್ಕದಲ್ಲಿ. ಒಲೆಯಿಂದ ಇಳಿಸಿದ ಮೇಲೆಯೇ ಹಿಂಡಬೇಕು.

ಇಷ್ಟು ಹೇಳಿದ ಮೇಲೆ, ಎಲ್ಲವನ್ನೂ ಹಸಿಯಾಗಿ ತಿನ್ನಿ ಎಂದು ನಾನು ಹೇಳುತ್ತಿದ್ದೇನೆಂದು ಯಾರೂ ತಿಳಿಯಬಾರದು. ಒಲೆ ಶತ್ರುವಲ್ಲ. ಬೇಯಿಸಿದರೆ ಸಿ ವಿಟಮಿನ್ ನಷ್ಟವಾಗುತ್ತದೆ, ಬಸಿದ ನೀರಿನ ಜೊತೆ ಫೋಲೇಟ್ ಹೋಗುತ್ತದೆ, ನಿಜ. ಆದರೆ ಕ್ಯಾರೆಟ್, ಕುಂಬಳ, ದಂಟಿನ ಸೊಪ್ಪುಗಳ ಬೀಟಾ ಕ್ಯಾರೊಟಿನ್ ಬೇಯಿಸಿದಾಗಲೇ ಹೆಚ್ಚು ಒದಗುತ್ತದೆ. ಟೊಮೆಟೊದ ಕೆಂಪು ಬಣ್ಣದ ಲೈಕೋಪಿನ್ ಕೂಡ ಹಾಗೆಯೇ. ಜರ್ಮನಿಯಲ್ಲಿ ವರ್ಷಗಟ್ಟಲೆ ಹಸಿ ಆಹಾರವನ್ನೇ ತಿನ್ನುತ್ತಿದ್ದವರ ರಕ್ತ ಪರೀಕ್ಷಿಸಿದಾಗ ಲೈಕೋಪಿನ್ ಕಡಿಮೆ ಇತ್ತು. ನಮ್ಮ ಟೊಮೆಟೊ ಸಾರು, ಗೊಜ್ಜು ಸರಿಯಾದ ದಾರಿಯಲ್ಲಿಯೇ ಇವೆ. ಕಾಳುಗಳಲ್ಲಿ ಕೆಲವನ್ನು, ಮುಖ್ಯವಾಗಿ ರಾಜ್ಮಾವನ್ನು, ಹಸಿಯಾಗಿ ತಿಂದರೆ ವಾಂತಿಭೇದಿಯಾಗುತ್ತದೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಹೊರತಂದ ಮಾರ್ಗಸೂಚಿ ದಿನಕ್ಕೆ 400 ಗ್ರಾಂ ತರಕಾರಿ, 100 ಗ್ರಾಂ ಹಣ್ಣು ಎಂದು ಹೇಳುತ್ತದೆ. 400 ಗ್ರಾಂ ಹಸಿಯಾಗಿ ತಿನ್ನುವುದು ಹೆಚ್ಚಿನವರಿಗೆ ಆಗದ ಕೆಲಸ. ಒಂದು ಬಟ್ಟಲು ಹಸಿಯದು, ಉಳಿದದ್ದು ಪಲ್ಯ, ಹುಳಿ, ಸೊಪ್ಪಿನ ಸಾರು.

ತರಕಾರಿಯನ್ನೂ ಹಿಂಡಿ ಕುಡಿಯುವ ಅಭ್ಯಾಸದ ಬಗ್ಗೆ ನನಗೆ ಆತಂಕವಿದೆ. ಉದ್ಯಾನಗಳ ಗೇಟಿನ ಬಳಿ ಬೆಳಿಗ್ಗೆ ಆರಕ್ಕೆಲ್ಲ ಸೋರೆಕಾಯಿ, ಹಾಗಲಕಾಯಿ, ಬೂದುಗುಂಬಳದ ರಸ ಮಾರುತ್ತಾರೆ. ಸೋರೆಕಾಯಿ, ಸೌತೆಕಾಯಿಗಳ ಕುಟುಂಬದಲ್ಲಿ ಒಮ್ಮೊಮ್ಮೆ ಕುಕರ್ಬಿಟಾಸಿನ್ ಎಂಬ ಕಹಿ ವಿಷ ಸೇರಿರುತ್ತದೆ. ಕಹಿ ಸೋರೆಕಾಯಿ ರಸ ಕುಡಿದು ರಕ್ತವಾಂತಿಯಾಗಿ ಪ್ರಾಣ ಹೋದ ಪ್ರಕರಣಗಳು ನಮ್ಮ ದೇಶದಲ್ಲಿ ನಡೆದ ಮೇಲೆ ಐಸಿಎಂಆರ್ ತಜ್ಞರ ಸಮಿತಿಯನ್ನೇ ನೇಮಿಸಬೇಕಾಯಿತು. ಅವರ ಸಲಹೆ ಸರಳ: ರಸ ಕಹಿಯಾಗಿದ್ದರೆ ಕುಡಿಯಬೇಡಿ, ಚೆಲ್ಲಿಬಿಡಿ. ಇಲ್ಲಿಯೂ ನಾನು ಕಾಣುವುದು ಅದೇ ವ್ಯತ್ಯಾಸ. ಕಹಿ ಹೋಳನ್ನು ಬಾಯಿಗೆ ಹಾಕಿಕೊಂಡರೆ ಯಾರಾದರೂ ತಕ್ಷಣ ಉಗಿಯುತ್ತಾರೆ. ರಸವಾದಾಗ ಇಡೀ ಕಾಯಿಯ ಕಹಿ ಒಂದೇ ಲೋಟದಲ್ಲಿರುತ್ತದೆ, ಶುಂಠಿ, ನಿಂಬೆ, ಉಪ್ಪು ಅದನ್ನು ಮರೆಸುತ್ತವೆ, "ಕಹಿಯೇ ಔಷಧ" ಎಂದು ಕಣ್ಣುಮುಚ್ಚಿ ನುಂಗುತ್ತೇವೆ. ದಿನಾ ಲೋಟಗಟ್ಟಲೆ ಪಾಲಕ್ ರಸ ಕುಡಿಯುವವರಿಗೂ ಎಚ್ಚರಿಕೆ ಬೇಕು. ಅದರಲ್ಲಿ ಆಕ್ಸಲೇಟ್ ಹೆಚ್ಚು, ಮೂತ್ರಪಿಂಡದಲ್ಲಿ ಕಲ್ಲಿರುವವರಿಗೆ ಅದು ಹಿತವಲ್ಲ.

ತೊಳೆಯುವ ವಿಚಾರ. ಹಸಿಯಾಗಿ ತಿನ್ನುವ ತರಕಾರಿಗೆ ಬೆಂಕಿಯ ಕಾವಲಿಲ್ಲ. ಲಾಡಿಹುಳುವಿನ ಮೊಟ್ಟೆ ಸೊಪ್ಪು, ಕೋಸು, ಮೂಲಂಗಿಯ ಮಣ್ಣಿನ ಮೂಲಕ ಹೊಟ್ಟೆ ಸೇರಿ ಮಿದುಳಿನಲ್ಲಿ ಗಂಟು ಕಟ್ಟಿದರೆ ಅಪಸ್ಮಾರ ಬರುತ್ತದೆ. ನಮ್ಮ ದೇಶದಲ್ಲಿ ಇದು ಅಪರೂಪವಲ್ಲ. ಹರಿಯುವ ನೀರಿನಲ್ಲಿ ಉಜ್ಜಿ ತೊಳೆಯಿರಿ, ಎಲೆಕೋಸಿನ ಹೊರಗಿನ ಎಲೆಗಳನ್ನು ತೆಗೆದುಹಾಕಿ, ಸೊಪ್ಪನ್ನು ಎಲೆ ಎಲೆಯಾಗಿ ನೋಡಿ. ಚರಂಡಿ ನೀರಿನಲ್ಲಿ ಬೆಳೆದ ಸೊಪ್ಪೆಂದು ಅನುಮಾನ ಬಂದರೆ ಹಸಿಯಾಗಿ ತಿನ್ನಲೇಬೇಡಿ.

ಇನ್ನು ಪ್ರಶ್ನೆಗಳು.

ಹಿರಿಯರೊಬ್ಬರು ಎದ್ದುನಿಂತು ಹೇಳಿದರು: "ನೀವು ಹೇಳುವುದೆಲ್ಲ ಹಲ್ಲಿದ್ದವರಿಗೆ ಸರಿ ತಾಯಿ. ನನ್ನಂಥವರು ಏನು ಮಾಡಬೇಕು?" ಇದನ್ನು ನಾನೇ ಮೊದಲು ಹೇಳಬೇಕಿತ್ತು. ಹಲ್ಲಿಲ್ಲದವರಿಗೆ, ಕಟ್ಟಿದ ಹಲ್ಲಿನವರಿಗೆ ಹೆಚ್ಚಿದ ಸೌತೆಕಾಯಿ ಕಷ್ಟ. ಸಣ್ಣಗೆ ತುರಿದು ಮೊಸರು ಬೆರೆಸಿ ಪಚಡಿ ಮಾಡಿ. ತುರಿದರೆ ನಾರು ಎಲ್ಲಿಗೂ ಹೋಗುವುದಿಲ್ಲ. ಒಂದೆಲಗವನ್ನು ಅರೆದು ಮಜ್ಜಿಗೆಗೆ ಬೆರೆಸಿದ ತಂಬುಳಿ ಇದೆ. ಹಣ್ಣಿನಲ್ಲಿ ಪಪ್ಪಾಯಿ, ಬಾಳೆಹಣ್ಣು. ಕಾಯಿಲೆಯಿಂದ ಏಳುತ್ತಿರುವವರಿಗೆ, ಏನೂ ಇಳಿಯದವರಿಗೆ ರಸವೇ ಬೇಕಾಗಬಹುದು. ಆಗ ಕೊಡಿ, ಸೋಸದೆ ಕೊಡಿ.

ಯುವತಿಯೊಬ್ಬರು ಮಿಕ್ಸಿಯಲ್ಲಿ ಇಡೀ ಹಣ್ಣನ್ನು ತಿರುವಿ ಕುಡಿದರೆ ಹೇಗೆ ಎಂದು ಕೇಳಿದರು. ಸೋಸಿದ ರಸಕ್ಕಿಂತ ಉತ್ತಮ, ನಾರು ಒಳಗೇ ಇರುತ್ತದೆ. ಆದರೆ ಬ್ರಿಸ್ಟಲ್‌ನ ಅರೆದ ಸೇಬನ್ನು ನೆನಪಿಡಿ: ಹೊಟ್ಟೆ ತುಂಬಿಸುವುದರಲ್ಲಿ ಅದು ಹಣ್ಣಿಗಿಂತ ಹಿಂದೆ, ರಸಕ್ಕಿಂತ ಮುಂದೆ ಇತ್ತು. ಜೇನುತುಪ್ಪ, ಖರ್ಜೂರ ಸೇರಿಸುತ್ತ ಹೋದರೆ ಆ ಮುಂದಿರುವುದೂ ಹೋಗುತ್ತದೆ.

"ಹಸಿ ತರಕಾರಿ ತಿಂದರೆ ಹೊಟ್ಟೆ ಉಬ್ಬರಿಸುತ್ತದೆ" ಎಂದವರು ಮೂವರು. ನಾರಿನ ಅಭ್ಯಾಸ ತಪ್ಪಿದ ಕರುಳಿಗೆ ಒಮ್ಮೆಲೇ ದೊಡ್ಡ ಬಟ್ಟಲು ಕೊಟ್ಟರೆ ಹಾಗಾಗುತ್ತದೆ. ಎರಡು ಚಮಚದಿಂದ ಶುರುಮಾಡಿ ವಾರಕ್ಕಿಷ್ಟು ಎಂದು ಹೆಚ್ಚಿಸಿ. ಎಲೆಕೋಸು, ಮೂಲಂಗಿ ಆಮೇಲೆ, ಮೊದಲು ಸೌತೆಕಾಯಿ. ಮೂತ್ರಪಿಂಡದ ಕಾಯಿಲೆ ಇರುವವರು ಮಾತ್ರ ರಸವಾಗಲಿ ತರಕಾರಿಯಾಗಲಿ ತಮ್ಮ ವೈದ್ಯರನ್ನು ಕೇಳದೆ ಹೆಚ್ಚಿಸಬಾರದು, ಪೊಟ್ಯಾಸಿಯಂ ಅವರಿಗೆ ಅಪಾಯ.

ಪಾನಕ ಬಿಡಬೇಕೇ ಎಂದು ಪೆಂಡಾಲಿನ ಕಾರ್ಯಕರ್ತರೊಬ್ಬರು ಆತಂಕದಿಂದ ಕೇಳಿದರು. ಬೇಡ. ವರ್ಷಕ್ಕೊಂದು ದಿನ, ಚೈತ್ರದ ಬಿಸಿಲಿನಲ್ಲಿ, ಸಣ್ಣ ಲೋಟದಲ್ಲಿ ಕೊಡುವ ಬೆಲ್ಲದ ನೀರು ಯಾರನ್ನೂ ಕೆಡಿಸುವುದಿಲ್ಲ. ಮಧುಮೇಹಿಗಳಿಗೆ ಮಜ್ಜಿಗೆ ಇದ್ದೇ ಇದೆ. ಮುಂದಿನ ವರ್ಷ ದೊನ್ನೆಯನ್ನು ಮಾತ್ರ ಸ್ವಲ್ಪ ದೊಡ್ಡದು ಮಾಡಿ.

ಕೊನೆಗೆ ಒಬ್ಬ ತಾಯಿ ಅವರ ಮನೆಯ ಕೋಸಂಬರಿ ನೀರುನೀರಾಗುತ್ತದೆ, ನಮ್ಮ ಅಳತೆ ಏನು ಎಂದು ಕೇಳಿದರು. ನಾಲ್ಕು ಜನರಿಗೆ ಅರ್ಧ ಬಟ್ಟಲು ಹೆಸರುಬೇಳೆ, ಸುಮಾರು 100 ಗ್ರಾಂ. ಅದರಲ್ಲಿ 24 ಗ್ರಾಂನಷ್ಟು ಪ್ರೋಟೀನ್ ಇದೆ, ಇದು ಯಾವ ಹಣ್ಣಿನ ರಸದಲ್ಲಿಯೂ ಸಿಗುವುದಿಲ್ಲ. ಒಂದು ಗಂಟೆ ನೆನೆಸಿ ಪೂರ್ತಿ ಬಸಿಯಿರಿ. ಎರಡು ಎಳೆ ಸೌತೆಕಾಯಿಯನ್ನು ತುದಿ ಕೊಯ್ದು ರುಚಿ ನೋಡಿ, ಸಿಪ್ಪೆ ಸಮೇತ ಸಣ್ಣಗೆ ಹೆಚ್ಚಿ. ಒಂದು ಕ್ಯಾರೆಟ್ ತುರಿ, ಒಂದು ಹಿಡಿ ತೆಂಗಿನತುರಿ, ಕೊತ್ತಂಬರಿ ಸೊಪ್ಪು, ಹಸಿಮೆಣಸಿನಕಾಯಿ. ಸಾಸಿವೆ, ಇಂಗಿನ ಒಗ್ಗರಣೆ ಕೊಟ್ಟು ಆರಲು ಬಿಡಿ. ಉಪ್ಪನ್ನು ಮೊದಲೇ ಹಾಕಿದರೆ ಸೌತೆಕಾಯಿ ನೀರು ಬಿಟ್ಟುಕೊಳ್ಳುತ್ತದೆ, ಆ ನೀರನ್ನು ನಾವು ಚೆಲ್ಲುತ್ತೇವೆ. ಎಲೆ ಹಾಕಿ ಎಲ್ಲರೂ ಕುಳಿತ ಮೇಲೆ ಉಪ್ಪು, ನಿಂಬೆರಸ ಬೆರೆಸಿ, ತಕ್ಷಣ ಬಡಿಸಿ.